ಸ್ಪ್ಯಾನಿಷ್‌ಗೆ ಕನ್ನಡದ ದಾರಿ: ಸರ್ವನಾಮ, ಕ್ರಿಯಾಪದ ಕಲಿಯುವುದು ಹೀಗೆ

ಸ್ಪ್ಯಾನಿಷ್ ಕಲಿಯಲು ಹೊರಟ ನಮ್ಮವರು ಸಾಮಾನ್ಯವಾಗಿ ಇಂಗ್ಲಿಷ್ ಪುಸ್ತಕವನ್ನೋ ಇಂಗ್ಲಿಷ್‌ನಲ್ಲಿರುವ ಆ್ಯಪನ್ನೋ ಹಿಡಿಯುತ್ತಾರೆ. ಇಂಗ್ಲಿಷ್ ಮಾತಾಡುವವರಿಗೆ ವಿಚಿತ್ರವೆನಿಸುವ ಸಂಗತಿಗಳನ್ನು ಅಲ್ಲಿ ಪುಟಗಟ್ಟಲೆ ವಿವರಿಸಿರುತ್ತಾರೆ. ಅವುಗಳಲ್ಲಿ ಎಷ್ಟೋ ನಮ್ಮ ಮಾತಿನಲ್ಲಿ ಮೊದಲಿನಿಂದಲೂ ಇವೆ. ಪಕ್ಕದಲ್ಲಿ ಕನ್ನಡ ವಾಕ್ಯವನ್ನು ಇಟ್ಟುಕೊಂಡು ಕಲಿತರೆ ದಾರಿ ಬಹಳ ಹತ್ತಿರ. (ಇಲ್ಲಿ ಕೊಟ್ಟಿರುವುದು ಲ್ಯಾಟಿನ್ ಅಮೆರಿಕದ ಉಚ್ಚಾರ. ತ, ದ ಎರಡನ್ನೂ ಕನ್ನಡದಲ್ಲಿ ಹೇಳುವಂತೆಯೇ ಹೇಳಿ.)

ಹೆಜ್ಜೆ 1: ಸರ್ವನಾಮಗಳ ಪರಿಚಯ

ಯೋ ಎಂದರೆ ನಾನು, ತೂ ಎಂದರೆ ನೀನು, ಎಲ್ ಅವನು, ಏಯಾ ಅವಳು, ನೊಸೋತ್ರೊಸ್ ನಾವು, ಏಯೊಸ್ ಅವರು. ಗುಂಪಿನಲ್ಲಿ ಹೆಂಗಸರಷ್ಟೇ ಇದ್ದರೆ ನೊಸೋತ್ರಾಸ್, ಏಯಾಸ್. ಹಿರಿಯರಿಗೂ ಅಪರಿಚಿತರಿಗೂ ಬಳಸುವ ‘ನೀವು’ ಉಸ್ತೇದ್. ಹಲವರಿದ್ದರೆ ಉಸ್ತೇದೆಸ್. ಸ್ಪೇನ್‌ನಲ್ಲಿ ಗೆಳೆಯರ ಗುಂಪಿಗೆ ಬೊಸೋತ್ರೊಸ್ ಎನ್ನುತ್ತಾರೆ, ಅರ್ಜೆಂಟೀನಾದಲ್ಲಿ ‘ತೂ’ ಬದಲು ‘ಬೋಸ್’ ಕೇಳಿಸುತ್ತದೆ.

ಉಸ್ತೇದ್ ಹುಟ್ಟಿದ್ದು ‘ಬುಯೆಸ್ತ್ರಾ ಮೆರ್ಸೆದ್’ ಎಂಬ ಹಳೆಯ ಗೌರವದ ಮಾತಿನಿಂದ, ಹತ್ತಿರದ ಅರ್ಥ ‘ತಮ್ಮ ಕೃಪೆ’. ಕೃಪೆಯನ್ನು ಉದ್ದೇಶಿಸಿ ಆಡಿದ ಮಾತಾದ್ದರಿಂದ ಅದರ ಕ್ರಿಯಾಪದ ಇಂದಿಗೂ ‘ಅವನು, ಅವಳು’ ರೂಪದಲ್ಲೇ ಇರುತ್ತದೆ.

ಇಲ್ಲೊಂದು ಎಚ್ಚರಿಕೆ. ಅಮ್ಮನನ್ನೋ ಮೇಷ್ಟ್ರನ್ನೋ ನಾವು ‘ಅವರು’ ಎನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿ ಒಬ್ಬರೇ ಇದ್ದರೆ ಎಲ್ ಅಥವಾ ಏಯಾ, ಅಷ್ಟೆ. ಅದರಲ್ಲಿ ಅಗೌರವವೇನೂ ಇಲ್ಲ.

ಹೆಜ್ಜೆ 2: ಕಲಿತ ಸರ್ವನಾಮವನ್ನು ಬಿಟ್ಟುಬಿಡಿ

‘ಮಾತಾಡುತ್ತೇನೆ’ ಎಂದರೆ ಸಾಕು, ‘ನಾನು’ ಬೇಕಿಲ್ಲ. ‘ಆಬ್ಲೊ’ ಕೂಡ ಹಾಗೆಯೇ. ಮಾತಾಡು ಎಂಬರ್ಥದ ಆಬ್ಲಾರ್ ಹೀಗೆ ಬದಲಾಗುತ್ತದೆ: ಆಬ್ಲೊ (ಮಾತಾಡುತ್ತೇನೆ), ಆಬ್ಲಾಸ್ (ಮಾತಾಡುತ್ತೀಯ), ಆಬ್ಲಾಮೊಸ್ (ಮಾತಾಡುತ್ತೇವೆ), ಆಬ್ಲಾನ್ (ಮಾತಾಡುತ್ತಾರೆ). ಆಬ್ಲಾ ಮಾತ್ರ ಅವನು, ಅವಳು, ಉಸ್ತೇದ್ ಮೂವರಿಗೂ ಒಂದೇ. ಯಾರೆಂದು ಸಂದರ್ಭದಿಂದ ತಿಳಿಯದಿದ್ದರೆ ಆಗ ಸರ್ವನಾಮ ಹಾಕಿ. ಪ್ರತಿ ವಾಕ್ಯಕ್ಕೂ ‘ಯೋ’ ಸೇರಿಸಿದರೆ ‘ನಾನು, ನಾನು’ ಎಂದು ಒತ್ತಿ ಹೇಳಿದಂತೆ ಕೇಳಿಸುತ್ತದೆ.

ಹೆಜ್ಜೆ 3: ಸೊಯ್ ಬೇಕೋ, ಎಸ್ತೊಯ್ ಬೇಕೋ?

ಎಲ್ಲರೂ ತಡವರಿಸುವ ಜಾಗ ಇದು. ಇಂಗ್ಲಿಷ್‌ನ ‘ಐ ಆ್ಯಮ್’ ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ ಸೊಯ್, ಎಸ್ತೊಯ್ ಎಂದು ಎರಡು ಪದಗಳಿವೆ; ಅವನು, ಅವಳು, ಅದು ಎಂಬಲ್ಲಿ ಅವು ಎಸ್, ಎಸ್ತಾ ಆಗುತ್ತವೆ. ಶಾಶ್ವತವಾದದ್ದಕ್ಕೆ ಸೊಯ್, ತಾತ್ಕಾಲಿಕವಾದದ್ದಕ್ಕೆ ಎಸ್ತೊಯ್ ಎಂದು ಪುಸ್ತಕಗಳು ಹೇಳುತ್ತವೆ. ನನಗೆ ಆ ಸೂತ್ರ ಒಪ್ಪಿಗೆಯಿಲ್ಲ. ಮ್ಯಾಡ್ರಿಡ್ ಸ್ಪೇನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಆದರೂ ‘ಮಾದ್ರಿದ್ ಎಸ್ತಾ ಎನ್ ಎಸ್ಪಾನ್ಯಾ’. ಸಾವು ತಾತ್ಕಾಲಿಕವಲ್ಲ, ಆದರೂ ‘ಎಸ್ತಾ ಮುಯೆರ್ತೊ’.

ಇವೇ ವಾಕ್ಯಗಳನ್ನು ಕನ್ನಡದಲ್ಲಿ ಹೇಳಿ ನೋಡಿ: ಸ್ಪೇನ್‌ನಲ್ಲಿದೆ, ಸತ್ತಿದ್ದಾನೆ. ಎರಡರಲ್ಲೂ ‘ಇರು’ ಅಡಗಿದೆ. ಬಾಗಿಲು ಮುಚ್ಚಿದೆ: ‘ಲಾ ಪುಯೆರ್ತಾ ಎಸ್ತಾ ಸೆರ್ರಾದಾ’. ದಣಿದಿದ್ದೇನೆ: ‘ಎಸ್ತೊಯ್ ಕಾನ್ಸಾದಾ’ (ಗಂಡಸಾದರೆ ಕಾನ್ಸಾದೊ). ‘ನಾನು ಶಿಕ್ಷಕಿ’ ಎಂಬಲ್ಲಿ ‘ಇರು’ ಇಲ್ಲ, ಅಲ್ಲಿ ‘ಸೊಯ್ ಪ್ರೊಫೆಸೋರಾ’. ‘ಮದುವೆ ಮೈಸೂರಿನಲ್ಲಿ’ ಎಂಬಂಥ ಸಮಾರಂಭದ ಜಾಗಕ್ಕೂ ಸೊಯ್ ಬಳಗದ ‘ಎಸ್’ ಬರುತ್ತದೆ.

ಈ ಉಪಾಯ ಎಲ್ಲ ಕಡೆ ನಡೆಯದು. ‘ಅವಳು ಎತ್ತರವಾಗಿದ್ದಾಳೆ’ ಎಂಬಲ್ಲಿ ‘ಇರು’ ಇದ್ದರೂ ಹೇಳಬೇಕಾದ್ದು ‘ಎಸ್ ಆಲ್ತಾ’. ಎತ್ತರ, ಸ್ವಭಾವ, ಸ್ವಂತ ಊರು, ವೃತ್ತಿ ಸೊಯ್ ಪಾಲು ಎಂದು ನೆನಪಿಡಿ.

ಹೆಜ್ಜೆ 4: ‘ನನಗೆ’ ಎಂಬುದನ್ನು ಎರಡಾಗಿ ಒಡೆಯಿರಿ

‘ಮೆ ಗುಸ್ತಾ ಎಲ್ ಕಾಫೆ’ ಎಂದರೆ ನನಗೆ ಕಾಫಿ ಹಿಡಿಸುತ್ತದೆ. ‘ಮೆ ಗುಸ್ತಾನ್ ಲೊಸ್ ಮಾಂಗೊಸ್’ ಎಂದರೆ ನನಗೆ ಮಾವಿನಹಣ್ಣುಗಳು ಹಿಡಿಸುತ್ತವೆ. ಹಿಡಿಸುತ್ತದೆ, ಹಿಡಿಸುತ್ತವೆ; ಗುಸ್ತಾ, ಗುಸ್ತಾನ್. ಇಂಗ್ಲಿಷ್ ಮೂಲಕ ಬಂದವರು ವಾರಗಟ್ಟಲೆ ತಿಣುಕುವ ಈ ರಚನೆ ನಮ್ಮ ಮನೆಮಾತು. ನೋವಿಗೂ ಇದೇ ಕ್ರಮ: ‘ಮೆ ದುಯೆಲೆ ಲಾ ಕಾಬೆಸಾ’, ನನಗೆ ತಲೆ ನೋಯುತ್ತದೆ.

ಆದರೆ ಹಸಿವು, ಬಾಯಾರಿಕೆ, ವಯಸ್ಸು, ಮಕ್ಕಳ ಮಾತು ಬಂದಾಗ ‘ಮೆ’ ಸಲ್ಲದು. ಅಲ್ಲಿ ‘ಹೊಂದಿದ್ದೇನೆ’ ಎಂಬರ್ಥದ ತೆಂಗೊ ಬೇಕು. ನನಗೆ ಹಸಿವಾಗಿದೆ: ‘ತೆಂಗೊ ಆಂಬ್ರೆ’. ನನಗೆ 30 ವರ್ಷ: ‘ತೆಂಗೊ ತ್ರೆಯಿಂತಾ ಆನ್ಯೊಸ್’. ನನಗೆ ಇಬ್ಬರು ಮಕ್ಕಳು: ‘ತೆಂಗೊ ದೊಸ್ ಈಹೊಸ್’. ಈ ಪಟ್ಟಿಯನ್ನು ಬಾಯಿಪಾಠ ಮಾಡುವುದೇ ಸರಿ.

ಹೆಜ್ಜೆ 5: ಪದಗಳ ಸಾಲು, ಮತ್ತು ‘ಕೊಳ್ಳು’

‘ತೆ ಲೊ ದೊಯ್’: ನಿನಗೆ, ಅದನ್ನು, ಕೊಡುತ್ತೇನೆ. ಸಾಲು ಅದಲುಬದಲಾಗಿಲ್ಲ. ಇಂಥ ವಾಕ್ಯಗಳಲ್ಲಿ ಚಿಕ್ಕ ಸರ್ವನಾಮಗಳು ಕ್ರಿಯಾಪದಕ್ಕಿಂತ ಮೊದಲೇ ನಿಲ್ಲುತ್ತವೆ. ಕಾಫಿ, ಕಾರು ಮುಂತಾದ ನಾಮಪದಗಳು ಮಾತ್ರ ಕ್ರಿಯಾಪದದ ನಂತರ ಬರುತ್ತವೆ.

‘ಲಾಬೊ ಎಲ್ ಕೋಚೆ’ ಎಂದರೆ ಕಾರು ತೊಳೆಯುತ್ತೇನೆ. ‘ಮೆ ಲಾಬೊ ಲಾಸ್ ಮಾನೊಸ್’ ಎಂದರೆ ಕೈ ತೊಳೆದುಕೊಳ್ಳುತ್ತೇನೆ. ಆ ‘ಮೆ’ ನಮ್ಮ ‘ಕೊಳ್ಳು’ವಿನ ಕೆಲಸ ಮಾಡುತ್ತಿದೆ. ‘ಮೆ ಸಿಯೆಂತೊ’, ಕೂತುಕೊಳ್ಳುತ್ತೇನೆ. ‘ಮೆ ಆಕುಯೆಸ್ತೊ’, ಮಲಗಿಕೊಳ್ಳುತ್ತೇನೆ.

ಹೆಜ್ಜೆ 6: ಇವತ್ತೇ ಬರೆಯಿರಿ

ನಿಮ್ಮ ದಿನದ ನಾಲ್ಕು ಪುಟ್ಟ ವಾಕ್ಯಗಳನ್ನು ಕನ್ನಡದಲ್ಲಿ ಬರೆದು, ಕೆಳಗೆ ಸ್ಪ್ಯಾನಿಷ್ ಬರೆಯಿರಿ. ಮನೆಯಲ್ಲಿದ್ದೇನೆ. ಹಸಿವಾಗಿದೆ. ಕೈ ತೊಳೆದುಕೊಳ್ಳುತ್ತೇನೆ. ಊಟ ಮಾಡುತ್ತೇನೆ.

ಎಸ್ತೊಯ್ ಎನ್ ಕಾಸಾ. ತೆಂಗೊ ಆಂಬ್ರೆ. ಮೆ ಲಾಬೊ ಲಾಸ್ ಮಾನೊಸ್. ಕೋಮೊ.