ಬೆಳಿಗ್ಗೆ 9:10ರ ಗ್ಯಾಪ್ ಪಟ್ಟಿ: ನನ್ನ ಅನುಭವ

"ಭಾವ, ಗ್ಯಾಪ್ ಚಾರ್ಟ್‌ನಲ್ಲಿ ಕಣ್ಣಿಗೇ ಕಾಣತ್ತೆ. ಅದಕ್ಕೂ ಒಂದು ಪ್ರೋಗ್ರಾಮ್ ಬೇಕಾ?" ಅಂತ ನನ್ನ ಹೆಂಡತಿಯ ತಮ್ಮ ಕೇಳಿದ್ದ. ಅವನೂ ಷೇರು ಟ್ರೇಡ್ ಮಾಡುವವನೇ. ಗ್ಯಾಪ್ ಅಂದರೆ ಹಿಂದಿನ ದಿನ ಷೇರು ಮುಗಿದ ಬೆಲೆಗೂ (ಕ್ಲೋಸ್) ಬೆಳಿಗ್ಗೆ ಶುರುವಾಗುವ ಬೆಲೆಗೂ (ಓಪನ್) ನಡುವಿನ ಅಂತರ. ಅಂಥ ಷೇರುಗಳನ್ನು ಹುಡುಕಿ ಅಲರ್ಟ್ ಕೊಡುವ ಪ್ರೋಗ್ರಾಮ್ ನನಗೆ ಬೇಕಿತ್ತು. ಇಂಟ್ರಾಡೇ (ಕೊಂಡು ಮಾರೋದು ಒಂದೇ ದಿನದಲ್ಲಿ) ಮಾಡುವ ಹತ್ತರಲ್ಲಿ ಏಳು ಜನ ದುಡ್ಡು ಕಳ್ಕೊಳ್ತಾರೆ ಅಂತ ಷೇರುಪೇಟೆ ನಿಯಂತ್ರಕ ಸೆಬಿಯ ವರದಿ ಬಂದ ಮೇಲಂತೂ "ಸುಮ್ನೆ ತೋಟ ನೋಡ್ಕೊಳ್ಳಿ" ಅಂದುಬಿಟ್ಟ. ಈಗ 11 ತಿಂಗಳಿಂದ ಅದೇ ಪ್ರೋಗ್ರಾಮ್ ನನಗೆ ದುಡಿದು ಕೊಡುತ್ತಿದೆ. ಅದಕ್ಕೇ ಬರೆಯೋಣ ಅನ್ನಿಸಿತು.

ಒಂದು ಸ್ಟಾಕ್‌ನ ಗ್ಯಾಪ್ ಕಣ್ಣಿಗೆ ಕಾಣುತ್ತದೆ, ಒಪ್ಪಿದೆ. ಎಫ್ ಅಂಡ್ ಓ (ಫ್ಯೂಚರ್ಸ್, ಆಪ್ಷನ್ಸ್ ಇರುವ ಷೇರುಗಳ) ಪಟ್ಟಿಯಲ್ಲಿ ಸುಮಾರು ಇನ್ನೂರು ಸ್ಟಾಕ್ ಇವೆ. 9:08ಕ್ಕೆ ಪ್ರೀ-ಓಪನ್ (ಓಪನ್ ಬೆಲೆ ನಿಗದಿಯಾಗುವ ಹೊತ್ತು) ಆರ್ಡರ್ ನಿಂತ ಮೇಲೆ, ಪೇಟೆ ಶುರುವಾಗುವ 9:15ರೊಳಗೆ ಅಷ್ಟನ್ನೂ ನೋಡೋದು ಯಾರಿಂದಾಗುತ್ತೆ?

ಮೊದಲು 12 ಸಾವಿರ ಕೊಟ್ಟು ಚಾರ್ಟ್ ಮೇಲೆ ಗುರುತು ತೋರಿಸುವ ಒಂದು ರೆಡಿಮೇಡ್ ಇಂಡಿಕೇಟರ್ ತಗೊಂಡೆ. ಚಾರ್ಟ್ ತುಂಬಾ ಹಸಿರು, ಕೆಂಪು ಡಬ್ಬಿಗಳು. ಮೂರು ವಾರಕ್ಕೆ ಕಿತ್ತುಹಾಕಿ ಪೈಥಾನ್‌ನಲ್ಲಿ ನಾನೇ ಬರೆಯಲು ಕೂತೆ. ಮೊದಲ ಬ್ಯಾಕ್‌ಟೆಸ್ಟ್‌ನಲ್ಲಿ (ಹಳೇ ಬೆಲೆಗಳ ಮೇಲಿನ ಪರೀಕ್ಷೆ) ನೂರಕ್ಕೆ 80 ಗೆಲುವು! ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೇ ದಿನ ನೋಡಿದರೆ ಎಷ್ಟು ದಿನ ಹಿಂದಿನ ಬೆಲೆ ಬೇಕು ಅಂತ ಹೇಳುವ ಶಿಫ್ಟ್‌ನಲ್ಲಿ 1ರ ಬದಲು ಮೈನಸ್ 1 ಕೊಟ್ಟಿದ್ದೆ. ನಾಳೆಯ ಬೆಲೆ ನೋಡಿಕೊಂಡು ಇವತ್ತು ಟ್ರೇಡ್ ಮಾಡುತ್ತಿತ್ತು. ಸರಿಮಾಡಿದ ಮೇಲೆ ಗೆಲುವು 45ಕ್ಕೆ ಬಂತು.

ನಿಜವಾದ ಪೆಟ್ಟು ಬಿದ್ದದ್ದು ಕ್ಲೋಸ್ ಬೆಲೆಯಲ್ಲಿ. ಒಂದು ಸ್ಟಾಕ್ ಹಿಂದಿನ ದಿನ 412.30ಕ್ಕೆ ಕ್ಲೋಸ್. ಬೆಳಿಗ್ಗೆ 418.50ಕ್ಕೆ ಓಪನ್. ಒಂದೂವರೆ ಪರ್ಸೆಂಟ್ ಗ್ಯಾಪ್ ಅಪ್ ಅಂತ ಅಲರ್ಟ್ ಬಂತು, ಗ್ಯಾಪ್ ತುಂಬುತ್ತೆ, ಅಂದರೆ ಬೆಲೆ ಮತ್ತೆ ಹಿಂದಿನ ಕ್ಲೋಸ್‌ಗೆ ಇಳಿಯುತ್ತೆ ಅಂತ 300 ಷೇರು ಶಾರ್ಟ್ ಹೊಡೆದೆ (ಮೊದಲು ಮಾರಿ, ಇಳಿದ ಮೇಲೆ ಕೊಳ್ಳೋದು). ಅದು ಸೀದಾ ಮೇಲೆ ಹೋಗಿ 427ಕ್ಕೆ ಸ್ಟಾಪ್‌ಲಾಸ್ (ನಷ್ಟ ಇಷ್ಟೇ ಅಂತ ಇಟ್ಟ ಮಿತಿ) ತಗೊಂಡಿತು. ಎರಡೂವರೆ ಸಾವಿರಕ್ಕೂ ಜಾಸ್ತಿ ಹೋಯ್ತು. ಸಂಜೆ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇ ಕೊಡುವ ದಿನದ ಬೆಲೆಪಟ್ಟಿ, ಅಂದರೆ ಭಾವ್‌ಕಾಪಿ ತೆಗೆದು ನೋಡಿದೆ. ಎನ್‌ಎಸ್‌ಇ ಕ್ಲೋಸ್ ಅಂತ ಕೊಟ್ಟಿದ್ದು ಕೊನೆಯ ಅರ್ಧ ಗಂಟೆಯ ಸರಾಸರಿ. ಕೊನೆಯ ಟ್ರೇಡ್ ನಡೆದದ್ದು 418ಕ್ಕೆ! ಅಲ್ಲಿ ಗ್ಯಾಪೇ ಇರಲಿಲ್ಲ. ಅವತ್ತಿನಿಂದ ಕ್ಲೋಸ್ ಕಾಲಂ ಬಿಟ್ಟೆ. ಕೊನೆಯ ಟ್ರೇಡ್ ಬೆಲೆ ಇರುವ ಲಾಸ್ಟ್ ಕಾಲಂ ನೋಡುತ್ತೇನೆ, ಜೊತೆಗೆ ಓಪನ್ ಬೆಲೆ ಹಿಂದಿನ ದಿನದ ಹೈ ಅಥವಾ ಲೋ ದಾಟಿರಲೇಬೇಕು. ದಿನಕ್ಕೆ 30-40 ಬರುತ್ತಿದ್ದ ಅಲರ್ಟ್ ಹತ್ತು ಹನ್ನೆರಡಕ್ಕೆ ಇಳಿಯಿತು.

ಬೋನಸ್, ಸ್ಪ್ಲಿಟ್ ಕಾಟ ಬೇರೆ. 2024ರ ಡಿಸೆಂಬರ್‌ನಲ್ಲಿ ವಿಪ್ರೋ 1:1 ಬೋನಸ್ (ಒಂದು ಷೇರಿಗೆ ಇನ್ನೊಂದು ಉಚಿತ, ಹಾಗಾಗಿ ಬೆಲೆ ಅರ್ಧ) ಆದ ದಿನ ಪಟ್ಟಿಯ ಮೇಲ್ತುದಿಯಲ್ಲಿ "50% ಗ್ಯಾಪ್ ಡೌನ್" ಅಂತ ಕೂತಿತ್ತು. ಈಗ ಎಕ್ಸ್-ಡೇಟ್‌ಗಳ (ಬೆಲೆ ಹೀಗೆ ಹೊಂದಿಕೊಳ್ಳುವ ದಿನಗಳು) ಫೈಲ್ ಒಂದನ್ನು ಪ್ರತಿ ಭಾನುವಾರ ತುಂಬಿಸಿಡುತ್ತೇನೆ. ಪರ್ಸೆಂಟ್ ಲೆಕ್ಕವನ್ನೂ ಬಿಟ್ಟು ಗ್ಯಾಪನ್ನು 14 ದಿನದ ಎಟಿಆರ್‌ನಿಂದ (ಷೇರು ದಿನಕ್ಕೆ ಸರಾಸರಿ ಎಷ್ಟು ಏರಿಳಿಯುತ್ತೆ ಅನ್ನುವ ಅಳತೆ) ಭಾಗಿಸಿದೆ. ಎಷ್ಟು ಪಟ್ಟು ಇದ್ದರೆ ತಗೊಳ್ಳುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಆ ನಂಬರಿಗೆ ನಾನು ಕೊಟ್ಟ ಬೆಲೆ ದೊಡ್ಡದು. ಪ್ರೀ-ಓಪನ್ ವಾಲ್ಯೂಮ್‌ನದೂ ಒಂದು ಫಿಲ್ಟರ್ ಇದೆ, ಅದೂ ನನ್ನ ಹತ್ತಿರವೇ ಇರಲಿ.

"ಗ್ಯಾಪ್ ತುಂಬೇ ತುಂಬುತ್ತೆ" ಅನ್ನುವವರ ಮಾತು ನಂಬಬೇಡಿ. 2024ರ ಜೂನ್ 3ರಂದು ಲೋಕಸಭಾ ಚುನಾವಣೆಯ ಎಕ್ಸಿಟ್ ಪೋಲ್ ನಂಬಿ ನಿಫ್ಟಿ ಸೂಚ್ಯಂಕ 800 ಪಾಯಿಂಟ್ ಮೇಲೆ ಓಪನ್ ಆಯ್ತು, ಮರುದಿನ ಫಲಿತಾಂಶಕ್ಕೇ ತುಂಬಿ ಇನ್ನೂ ಕೆಳಗೆ ಹೋಯ್ತು. ಆದರೆ 2023ರ ಏಪ್ರಿಲ್‌ನಲ್ಲಿ ಕಂಪನಿಯ ತ್ರೈಮಾಸಿಕ ರಿಸಲ್ಟ್ ಆದ ಮೇಲೆ ಇನ್ಫೋಸಿಸ್ ಗ್ಯಾಪ್ ಡೌನ್ ಆಯ್ತಲ್ವಾ, ಅದು ತುಂಬಲು ಸುಮಾರು ಮೂರು ತಿಂಗಳು ಬೇಕಾಯ್ತು. ಇಂಟ್ರಾಡೇ ಮಾಡುವವನು ಅಷ್ಟು ದಿನ ಕಾಯೋಕಾಗುತ್ತಾ? ಈಗ ನಾನು ಮೊದಲ 15 ನಿಮಿಷ ಕೈ ಹಾಕಲ್ಲ. ಆ 15 ನಿಮಿಷದ ಕ್ಯಾಂಡಲ್ (ಚಾರ್ಟ್‌ನಲ್ಲಿ ಅಷ್ಟು ಹೊತ್ತಿನ ಬೆಲೆ ತೋರಿಸುವ ಪಟ್ಟೆ) ಗ್ಯಾಪ್‌ನ ಒಳಗೆ ತಿರುಗಿದರೆ ಮಾತ್ರ ಎಂಟ್ರಿ.

ಮಧ್ಯೆ ಒಂದು ಆಸೆ ಹುಟ್ಟಿತು. ನಮ್ಮದು ಅಡಿಕೆ ತೋಟ. ಶಿವಮೊಗ್ಗ ಮಂಡಿಯ ರಾಶಿ, ಬೆಟ್ಟೆ, ಗೊರಬಲು ಅನ್ನುವ ಅಡಿಕೆ ತಳಿಗಳಲ್ಲ, ದರ್ಜೆಗಳ ಧಾರಣೆಯನ್ನೂ ಇದೇ ಸ್ಕ್ರಿಪ್ಟಿಗೆ ಕೊಟ್ಟರೆ ಹೇಗೆ? ಎರಡು ತಿಂಗಳ ರೇಟನ್ನು ಕೂತು ಟೈಪ್ ಮಾಡಿದೆ. ಆಗಲಿಲ್ಲ. ಮಂಡಿಯಲ್ಲಿ ಸಿಗೋದು ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಮಾರಿದ) ಬೆಲೆ. ಓಪನ್, ಕ್ಲೋಸ್ ಅನ್ನೋದೇ ಇಲ್ಲ. ಗ್ಯಾಪ್ ಅಂತ ಕಂಡಿದ್ದು ಅವತ್ತು ಬಂದ ಮಾಲಿನ ಗುಣಮಟ್ಟದ ವ್ಯತ್ಯಾಸ, ಅಷ್ಟೇ. ಆದರೂ ಅಪ್ಪನಿಗೆ ಆ ಚಾರ್ಟ್ ಇಷ್ಟವಾಯ್ತು, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿಕೊಂಡಿದ್ದಾರೆ.

ದುಡ್ಡಿನ ವಿಷಯ. ಮೊದಲ ವರ್ಷ ಒಂದು ಲಕ್ಷ ಹತ್ತು ಸಾವಿರ ಕಳೆದುಕೊಂಡೆ, ಇಂಡಿಕೇಟರ್ ದುಡ್ಡು ಬೇರೆ. ಈಗ ಬಂಡವಾಳ ಮೂರು ಲಕ್ಷ, ದಿನಕ್ಕೆ ಮೂರೋ ನಾಲ್ಕೋ ಅಲರ್ಟ್, ಹತ್ತರಲ್ಲಿ ಆರು ಸರಿಯಾಗುತ್ತಿದೆ. ಬ್ರೋಕರೇಜ್, ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಎಲ್ಲ ಕಳೆದು ಹಳೇ ನಷ್ಟ ತುಂಬಿ, ಮೇಲೆ ಹದಿನೈದು ಇಪ್ಪತ್ತು ಸಾವಿರ ಉಳಿದಿದೆ. ಕೋಡ್ ಒಟ್ಟು 300 ಸಾಲು ಇರಬಹುದು. ಒಂದು ಸಾಲನ್ನೂ ಬೇರೆಯವರಿಂದ ಬರೆಸಿಲ್ಲ.

ರಿಸಲ್ಟ್ ದಿನದ ಗ್ಯಾಪ್‌ಗಳನ್ನು ಇನ್ನೂ ಕೈಯಲ್ಲೇ ಪಟ್ಟಿಯಿಂದ ತೆಗೆದುಹಾಕುತ್ತಿದ್ದೇನೆ. ಕಳೆದ ಸಲ ಒಂದನ್ನು ಮರೆತು ನಾಲ್ಕು ಸಾವಿರ ಹೋಯ್ತು. ಮುಂದಿನ ರಿಸಲ್ಟ್ ಸೀಸನ್ ಒಳಗೆ ಆ ತಾರೀಖುಗಳನ್ನೂ ಎಕ್ಸ್-ಡೇಟ್ ಫೈಲಿಗೇ ಸೇರಿಸಬೇಕು.