ಕಾರಿಗೂ ಫ್ರೀಜರ್‌ಗೂ ಒಂದೇ ಪ್ಲಗ್

ನಮ್ಮದು 2018ರ ಟೊಯೊಟಾ ಪ್ರಿಯಸ್ ಪ್ರೈಮ್. ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್, ಕರೆಂಟಿನ ಮೋಟಾರು ಎರಡೂ ಇರುವ ಕಾರು. 2020ರ ಕೊನೆಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ನಾವಿರುವುದು ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಫಾರ್ಮಿಂಗ್ಟನ್ ಹಿಲ್ಸ್. ನನ್ನ ಆಫೀಸು ಡಿಯರ್ಬಾರ್ನ್‌ನಲ್ಲಿ. ಹೋಗಲು 18 ಮೈಲು, ಬರಲು 18. ಅಮೆರಿಕದ ಕಾರು ಕಂಪನಿಗಳ ತವರಲ್ಲಿದ್ದುಕೊಂಡು ಜಪಾನ್ ಕಾರಾ ಅಂತ ಮೊದಲ ತಿಂಗಳೇ ಇಬ್ಬರು ಕೇಳಿದ್ದರು. ನಕ್ಕು ಸುಮ್ಮನಾದೆ.

ಮೊದಲ ವರ್ಷದ ಕಥೆ ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಆಗ ನಾವು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿದ್ದೆವು. ಕಾರು ನಿಲ್ಲಿಸುವುದು ಬಯಲಲ್ಲಿ. ಹತ್ತಿರದಲ್ಲಿ ಎಲ್ಲೂ ಸಾಕೆಟ್ ಇಲ್ಲ. ಮ್ಯಾನೇಜರ್‌ನ ಕೇಳಿದರೆ "ನೋಡೋಣ" ಅಂದರು. ಅದು ಯಾವ ಭಾಷೆಯಲ್ಲಾದರೂ ಅದೇ "ನೋಡೋಣ", ಅಲ್ವಾ? ಚಾರ್ಜಿಂಗ್ ಕೇಬಲ್ ಡಿಕ್ಕಿಯಲ್ಲಿ ಸುತ್ತಿಟ್ಟ ಹಾಗೇ ಇತ್ತು. ನೂರು ಕೆಜಿಗೂ ಜಾಸ್ತಿ ತೂಕದ ಬ್ಯಾಟರಿಯನ್ನು ಖಾಲಿ ಹೊತ್ತುಕೊಂಡು ಒಂದು ವರ್ಷ ಪೆಟ್ರೋಲ್‌ನಲ್ಲೇ ಓಡಾಡಿದೆ. ಆ ಬ್ಯಾಟರಿಯಿಂದಾಗಿ ಡಿಕ್ಕಿಯ ನೆಲ ಬೇರೆ ಎತ್ತರ. ಅಕ್ಕಿ ಮೂಟೆ, ಸೂಟ್‌ಕೇಸು ಎರಡೂ ಹಿಡಿಸುತ್ತಿರಲಿಲ್ಲ.

ಈ ಮಾತು ಹೇಳೋದಕ್ಕೆ ಕಾರಣ ಇದೆ. "ತಗೋಬಹುದಾ?" ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ರಾತ್ರಿ ಕಾರು ಎಲ್ಲಿ ನಿಲ್ಲಿಸ್ತೀರಿ ಅಂತ. ಗೋಡೆಯಲ್ಲಿ ಪ್ಲಗ್ ಇಲ್ಲದಿದ್ದರೆ ಸುಮ್ನೆ ಪ್ಲಗ್ ಬೇಡದ ಸಾದಾ ಹೈಬ್ರಿಡ್ ತಗೊಳ್ಳಿ.

2021ರಲ್ಲಿ ಗ್ಯಾರೇಜ್ ಇರುವ ಬಾಡಿಗೆ ಮನೆಗೆ ಬಂದೆವು. ಈ ಕಾರಿಗೆ ವಿಶೇಷ ಚಾರ್ಜರ್ ಏನೂ ಬೇಡ. ಇಲ್ಲಿನ ಮಾಮೂಲಿ 120 ವೋಲ್ಟಿನ ಸಾಕೆಟ್ ಸಾಕು. ಐದೂವರೆ ಗಂಟೆಯಲ್ಲಿ ಫುಲ್. ಫುಲ್ ಆದರೆ 25 ಮೈಲು, ಅಂದರೆ 40 ಕಿಲೋಮೀಟರ್. ಮೊದಲ ರಾತ್ರಿ ಪ್ಲಗ್ ಹಾಕಿ, ಡ್ಯಾಶ್‌ಬೋರ್ಡ್ ಮೇಲೆ ಲೈಟು ಹೊತ್ತಿದ್ದು ನೋಡಿ, ಖುಷಿಯಾಗಿ ಮಲಗಿದೆ.

ಬೆಳಿಗ್ಗೆ ನೋಡಿದರೆ ಕಾರು ಅರ್ಧವೂ ಚಾರ್ಜ್ ಆಗಿರಲಿಲ್ಲ. ಗ್ಯಾರೇಜಿನ ದೀಪವೂ ಹೊತ್ತಲಿಲ್ಲ. ಬ್ರೇಕರ್ ಬಿದ್ದಿದೆ ಅಂತ ಹೊಳೆಯಿತು. ಅದೇ ಲೈನಿನಲ್ಲಿ ಫ್ರೀಜರ್ ಇದೆ ಅನ್ನುವುದು ಹೊಳೆದದ್ದು ಸಂಜೆ, ಸಾರಿಗೆ ತೆಂಗಿನ ತುರಿ ತೆಗೆಯಲು ಹೋದಾಗ. ಹನ್ನೊಂದು ಪ್ಯಾಕೆಟ್ ತುರಿ ಮೆತ್ತಗಾಗಿತ್ತು. ಅವರೆಕಾಳಿನ ಚೀಲದಿಂದ ನೀರು ಸೋರುತ್ತಿತ್ತು. ಕಾರು 12 ಆಂಪಿಯರ್ ಎಳೆಯುತ್ತದೆ. ಬ್ರೇಕರ್ ಇದ್ದದ್ದು 15ರದ್ದು. ಫ್ರೀಜರ್‌ನ ಮೋಟಾರು ಶುರುವಾದ ಕೂಡಲೇ ಟಪ್. ಆ ವಾರವೆಲ್ಲ ನಮ್ಮನೆಯಲ್ಲಿ ಕೊಬ್ಬರಿ ಮಿಠಾಯಿ, ಕಾಯಿ ಹೋಳಿಗೆ, ಕಾಯಿ ಸಾಸಿವೆ ಚಿತ್ರಾನ್ನ. ಫ್ರೀಜರ್ ಬೇಸ್‌ಮೆಂಟಿಗೆ ಹೋಯಿತು. ಆಮೇಲೆ ತೊಂದರೆ ಇಲ್ಲ.

ಇನ್ನು ದುಡ್ಡಿನ ಲೆಕ್ಕ. ಎಲ್ಲರೂ ಕೇಳುವುದು ಇದನ್ನೇ. ಬ್ಯಾಟರಿ 8.8 ಯೂನಿಟ್‌ನದ್ದು, ಆದರೆ ಅಷ್ಟೂ ಬಳಸಲು ಕಾರು ಬಿಡುವುದಿಲ್ಲ. ಒಂದು ಸಲ ತುಂಬಲು ಗೋಡೆಯಿಂದ ಸುಮಾರು 7 ಯೂನಿಟ್. ನಮಗೆ ಆಗ ಯೂನಿಟ್‌ಗೆ 18 ಸೆಂಟ್ ಹಿಡಿದರೆ 1 ಡಾಲರ್ 26 ಸೆಂಟ್. ಅದೇ 25 ಮೈಲನ್ನು ಪೆಟ್ರೋಲ್‌ನಲ್ಲಿ ಹೋದರೆ? ಈ ಕಾರು ಗ್ಯಾಲನ್‌ಗೆ 54 ಮೈಲು ಕೊಡುತ್ತದೆ. ಗ್ಯಾಲನ್ 3 ಡಾಲರ್ 30 ಸೆಂಟ್ ಇದ್ದ ದಿನ ಲೆಕ್ಕ ಹಾಕಿದೆ. 1 ಡಾಲರ್ 53 ಸೆಂಟ್. ವ್ಯತ್ಯಾಸ ಬರೀ 27 ಸೆಂಟ್!

ಕಾಗದ ತಿರುಗಿಸಿ ಇನ್ನೊಮ್ಮೆ ಲೆಕ್ಕ ಹಾಕಿದೆ. ಅಷ್ಟೇ. ನಮ್ಮ ಹಳೇ ಎಸ್‌ಯುವಿ ಗ್ಯಾಲನ್‌ಗೆ 22 ಮೈಲು ಓಡುತ್ತಿತ್ತು. ಅದಕ್ಕೆ ಇದೇ ದೂರಕ್ಕೆ 3 ಡಾಲರ್ 75 ಸೆಂಟ್ ಬೇಕಿತ್ತು. ಅಂದರೆ ದುಡ್ಡು ಉಳಿಸಿದ್ದು ಕಾರಿನ ಹೈಬ್ರಿಡ್ ಭಾಗ, ಪ್ಲಗ್ ಅಲ್ಲ. ಇದರ ಮೇಲೆ, ಪೆಟ್ರೋಲ್ ತೆರಿಗೆ ಕಮ್ಮಿ ಕಟ್ಟುತ್ತೀರಿ ಅಂತ ಮಿಶಿಗನ್‌ನಲ್ಲಿ ಪ್ಲಗ್ ಇರುವ ಕಾರಿಗೆ ವರ್ಷದ ನೋಂದಣಿಯಲ್ಲಿ ಹೆಚ್ಚುವರಿ ಶುಲ್ಕ ಬೇರೆ. 2022ರ ಜೂನ್‌ನಲ್ಲಿ ಪೆಟ್ರೋಲ್ 5 ಡಾಲರ್ ದಾಟಿದಾಗ ಮಾತ್ರ ಪ್ಲಗ್‌ಗೆ ನಿಜವಾದ ಬೆಲೆ ಬಂತು.

ಹಾಗಾದರೆ ದಿನಾ ರಾತ್ರಿ ಯಾಕೆ ಪ್ಲಗ್ ಹಾಕುತ್ತೀಯ ಅಂತ ನನ್ನ ಗಂಡ ಕೇಳಿದರು. ಬೆಳಿಗ್ಗೆ ಸದ್ದಿಲ್ಲದೆ ಮನೆಯಿಂದ ಹೊರಡುವ ಸುಖಕ್ಕೆ ಅಂದೆ. ಜನವರಿಯ ಚಳಿಗಾಳಿಯಲ್ಲಿ ಪಂಪ್ ಹಿಡಿದು ನಿಲ್ಲುವುದು ತಿಂಗಳಿಗೊಂದೇ ಸಲ ಅನ್ನುವುದೂ ಒಂದು ಕಾರಣ.

ಓಡಿಸುವ ರೀತಿ ಕಲಿಯಲು ನನಗೆ ಆರು ತಿಂಗಳು ಬೇಕಾಯಿತು. ಮೊದಮೊದಲು ಮನೆಯಿಂದಲೇ ಇವಿ ಮೋಡ್‌ನಲ್ಲಿ, ಅಂದರೆ ಬರೀ ಕರೆಂಟಿನಲ್ಲಿ, ಹೊರಟು ಫ್ರೀವೇನಲ್ಲಿ 70ರ ಸ್ಪೀಡಿಗೆ ಬ್ಯಾಟರಿ ಸುರಿದುಬಿಡುತ್ತಿದ್ದೆ. ಸಂಜೆ ಸಿಗ್ನಲ್ಲುಗಳ ನಡುವೆ ತೆವಳುವಾಗ ಕರೆಂಟೇ ಇರುತ್ತಿರಲಿಲ್ಲ. ಈಗ ಫ್ರೀವೇ ಹತ್ತಿದ ಕೂಡಲೇ ಹೈಬ್ರಿಡ್‌ಗೆ ಬದಲಿಸುವ ಎಚ್‌ವಿ ಬಟನ್ ಒತ್ತುತ್ತೇನೆ. ಬ್ಯಾಟರಿ ಹಾಗೇ ಉಳಿಯುತ್ತದೆ. ಇಳಿದ ಮೇಲೆ ಮತ್ತೆ ಇವಿ. ಎಲ್ಲಿ ನಿಂತು ನಿಂತು ಹೋಗಬೇಕೋ ಅಲ್ಲಿ ಕರೆಂಟು, ಎಲ್ಲಿ ಒಂದೇ ಸಮ ಹೋಗಬೇಕೋ ಅಲ್ಲಿ ಪೆಟ್ರೋಲ್.

ಆದರೆ ಇದರಿಂದ ಒಂದು ಹುಚ್ಚೂ ಹಿಡಿಯುತ್ತದೆ. ಎಂಜಿನ್ ಶುರುವಾದರೆ ಸೋತ ಹಾಗೆ ಅನ್ನಿಸುತ್ತದೆ. ಒಂದು ಚಳಿಗಾಲದ ಬೆಳಿಗ್ಗೆ, ಮೈನಸ್ 8 ಡಿಗ್ರಿ, ಮಗಳನ್ನು ಶಾಲೆಗೆ ಬಿಡಲು ಹೊರಟಿದ್ದೆ. ಹೀಟರ್ ಹಾಕಿದರೆ ಮೈಲು ಕಮ್ಮಿಯಾಗುತ್ತದೆ ಅಂತ ಬರೀ ಸೀಟ್ ಹೀಟರ್ ಹಾಕಿಕೊಂಡೆ. ಹಿಂದಿನ ಸೀಟಿಗೆ ಅದಿಲ್ಲ. ಮಗಳು ಟೋಪಿಯೊಳಗಿಂದ ಕಣ್ಣು ಮಾತ್ರ ಬಿಟ್ಟು ಕೂತಿದ್ದಳು. ಗಾಜಿಗೆ ಮಂಜು ಹಿಡಿಯಿತು. ಡಿಫ್ರಾಸ್ಟ್ ಬಟನ್ ಒತ್ತಿದೆ. ಗುರ್ ಅಂತ ಎಂಜಿನ್ ಬಂತು. ಆ ಬಟನ್‌ಗೆ ಈ ಕಾರಿನಲ್ಲಿ ಎಂಜಿನ್ ಬೇಕೇ ಬೇಕು. ಚಳಿ ಮೈನಸ್ 10ರ ಕೆಳಗಿಳಿದರೆ ಬರೀ ಹೀಟರ್‌ಗೂ ಅದೇ ಪಾಡು. ಸಂಜೆ ಮಗಳು ಚಾಡಿ ಹೇಳಿದಳು. "ನಾಲ್ಕಾಣೆ ಉಳಿಸೋಕೆ ಮಗೂಗೆ ನೆಗಡಿ ತರಿಸ್ತೀಯಾ?" ಅಂದರು ಇವರು. ಅವತ್ತಿನಿಂದ ಹೀಟರ್ ಹಾಕುತ್ತೇನೆ. 25 ಮೈಲು 16 ಆಗುತ್ತದೆ. ಆಗಲಿ.

ಅಪ್ಪ ಅಮ್ಮ ತೀರ್ಥಹಳ್ಳಿಯಿಂದ ಬಂದಾಗ ಇನ್ನೊಂದು ಕಷ್ಟ. 2018ರ ಈ ಕಾರಿಗೆ ನಾಲ್ಕೇ ಸೀಟು. ಹಿಂದೆ ನಡುವೆ ಲೋಟ ಇಡುವ ಜಾಗ ಮಾಡಿದ್ದಾರೆ. ನಾವು ಐದು ಜನ. ಪಕ್ಕದ ಊರು ನೋವೈನ ವೆಂಕಟೇಶ್ವರ ದೇವಸ್ಥಾನಕ್ಕೆ ಎರಡು ಟ್ರಿಪ್ ಹೊಡೆದೆವು. ಅಪ್ಪನಿಗೆ ಮಾತ್ರ ಕಾರು ತುಂಬ ಹಿಡಿಸಿತು. ಆಗುಂಬೆ ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುತ್ತಿದ್ದ ಪೈಕಿ ಅವರು. ಇಲ್ಲಿನ ಸ್ಮೋಕಿ ಬೆಟ್ಟದ ನ್ಯೂಫೌಂಡ್ ಗ್ಯಾಪ್ ಅನ್ನುವ ಘಾಟಿಯಿಂದ ಇಳಿದಾಗ, ಬ್ರೇಕ್ ಒತ್ತಿದ ಹಾಗೆಲ್ಲ ಚಾರ್ಜ್ ಆಗಿ, ಬ್ಯಾಟರಿಗೆ ಏಳೆಂಟು ಮೈಲು ವಾಪಸ್ ಬಂತು ಅಂದೆ. "ಹಂಗಾದ್ರೆ ಇದು ಆಗುಂಬೆಗೆ ಮಾಡಿದ ಕಾರು ಕಣೆ!" ಅಂದರು. ಮೈಸೂರಿನ ತಮ್ಮ ಫೋನಿನಲ್ಲೇ ಅಡ್ಡ ಬಂದ. "ಅಕ್ಕ, ನಂದೂ ಹೈಬ್ರಿಡ್ಡೇ. ನಮ್ಮ ಬಿಡದಿಯಲ್ಲೇ ಮಾಡಿದ್ದು. ಪ್ಲಗ್ಗೂ ಬೇಡ, ಏನೂ ಬೇಡ." ಅವನದು ಟೊಯೊಟಾ ಇನೋವಾ ಹೈಕ್ರಾಸ್. ಅದರ ಪುಟ್ಟ ಬ್ಯಾಟರಿಯನ್ನು ಎಂಜಿನ್, ಬ್ರೇಕು ಎರಡೇ ತುಂಬುತ್ತವೆ. ನನ್ನ 27 ಸೆಂಟಿನ ಲೆಕ್ಕ ಅವನಿಗೆ ಹೇಳಲಿಲ್ಲ.

ಆಫೀಸಿನಲ್ಲಿ ಎರಡು ಚಾರ್ಜರ್ ಇವೆ. ಒಮ್ಮೆ ನನ್ನ ಕಾರಿನ ವೈಪರ್ ಕೆಳಗೆ ಚೀಟಿ ಸಿಕ್ಕಿತು. "ನಿಮಗೆ ಪೆಟ್ರೋಲ್ ಟ್ಯಾಂಕ್ ಇದೆ, ನನಗಿಲ್ಲ." ಮೊದಲು ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಸರಿಯೇ ಅಲ್ವಾ? ಈಗ ಎರಡು ಗಂಟೆಯಲ್ಲಿ ತುಂಬಿದ ಕೂಡಲೇ ಕಾರು ತೆಗೆದುಬಿಡುತ್ತೇನೆ.

2023ರ ಫೆಬ್ರವರಿ 22ರಂದು ಇಲ್ಲಿ ಐಸ್ ಸ್ಟಾರ್ಮ್ ಬಂತು. ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ ಕೊಂಬೆಗಳು ಮುರಿದು ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಯಿತು. ನಮ್ಮ ಬೀದಿಗೆ ಮೂರು ದಿನ ಇಲ್ಲ. ಪಕ್ಕದ ಮನೆಯವರ ಪೂರ್ತಿ ಎಲೆಕ್ಟ್ರಿಕ್ ಕಾರಿನಲ್ಲಿ ಶೇಕಡ 20 ಉಳಿದಿತ್ತು. ನಮ್ಮ ಬ್ಯಾಟರಿ ಸೊನ್ನೆ, ಟ್ಯಾಂಕು ಮುಕ್ಕಾಲು. ಅವರ ಮನೆಗೂ ಹಾಲು, ಬ್ರೆಡ್ಡು ನಾನೇ ತಂದುಕೊಟ್ಟೆ. ರಾತ್ರಿ ಕಾರನ್ನು ಗ್ಯಾರೇಜಿನಿಂದ ಪೂರ್ತಿ ಹೊರಗೆ ತಂದು ನಿಲ್ಲಿಸಿ, ಮೂವರೂ ಒಳಗೆ ಕೂತು ಮೈ ಕಾಯಿಸಿಕೊಂಡು ಫೋನ್ ಚಾರ್ಜ್ ಮಾಡಿಕೊಂಡೆವು. ಎಂಜಿನ್ ತಾನಾಗೇ ಬರುವ ಕಾರು ಇದು, ಸದ್ದೂ ಕಮ್ಮಿ. ಮುಚ್ಚಿದ ಗ್ಯಾರೇಜಿನಲ್ಲಿ ಯಾವತ್ತೂ ಆನ್ ಮಾಡಿ ಕೂರಬೇಡಿ, ವಿಷದ ಹೊಗೆ ತುಂಬಿಕೊಳ್ಳುತ್ತದೆ. ಬೇಸ್‌ಮೆಂಟಿನ ಫ್ರೀಜರ್ ಮತ್ತೆ ಕರಗತೊಡಗಿತ್ತು. ಈ ಸಲ ಇವರು ತೆಂಗಿನ ತುರಿಯನ್ನೆಲ್ಲ ಬಕೆಟ್ಟಿಗೆ ತುಂಬಿ, ಹಿತ್ತಲ ಐಸಿನ ಮೇಲಿಟ್ಟು, ಅಳಿಲು ಬರದಂತೆ ಮೇಲೊಂದು ಇಡ್ಲಿ ಪಾತ್ರೆಯ ಮುಚ್ಚಳ ಮುಚ್ಚಿ ಬಂದರು.