ಎರಿ ಮಣ್ಣಿನ ಸೀಮೆಯಲ್ಲಿ ಅಡ್ವೆಂಚರ್ ಬೈಕ್: ಡಾಂಬರಿಗೆ ಎಷ್ಟು, ಕಚ್ಚಾ ಹಾದಿಗೆ ಎಷ್ಟು?

ಅಡ್ವೆಂಚರ್ ಬೈಕ್ ಎಂದರೆ ಡಾಂಬರು, ಕಚ್ಚಾ ಹಾದಿ ಎರಡಕ್ಕೂ ಆಗುವಂತೆ ಮಾಡಿದ ಬೈಕ್. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಓಡಿಸುವುದಾದರೆ ಅದನ್ನು ಡಾಂಬರಿನ ಕಡೆಗೇ ವಾಲಿಸಿ ಹೊಂದಿಸಿಕೊಳ್ಳಿ. ಇಲ್ಲಿನ ಕಚ್ಚಾ ಹಾದಿಗಳಲ್ಲಿ ಎರಡು ಜಾತಿ. ಗರಸು, ಖಡಿ, ಮಸಾರಿ (ಕೆಂಪು) ಮಣ್ಣಿನ ಹಾದಿ ಒಣಗಿದ್ದರೆ ರಸ್ತೆಗೆಂದೇ ಹೊಂದಿಸಿದ ಅಡ್ವೆಂಚರ್ ಬೈಕ್ ಕೂಡ ಆರಾಮಾಗಿ ದಾಟುತ್ತದೆ. ಎರಿ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು, ನೆನೆದರೆ ರ್‍ಯಾಲಿಗೆ ಸಜ್ಜಾದ ಬೈಕಿಗೂ ನೂರು ಮಾರು ಹೋಗುವುದು ಕಷ್ಟ. ಇವೆರಡರ ನಡುವೆ ಉಳಿಯುವ ಜಾಗ ಸಣ್ಣದು. ಅದಕ್ಕಾಗಿ ಎನ್‌ಎಚ್ 48ರ ಮೇಲೆ, ಲಾರಿಗಳ ನಡುವೆ ಬೇಕಾಗುವ ಬ್ರೇಕ್ ಹಿಡಿತವನ್ನು ಬಿಟ್ಟುಕೊಡುವುದು ಲುಕ್ಸಾನಿನ ವ್ಯಾಪಾರ.

ಆದರೂ ನಿಮ್ಮ ಓಡಾಟದ ಲೆಕ್ಕ ನಿಮ್ಮದೇ ಇರಲಿ. ಬೈಕಿನಲ್ಲಿ ಎರಡು ಟ್ರಿಪ್ ಮೀಟರ್ ಇದ್ದೇ ಇರುತ್ತವೆ. ತಿಂಗಳ ಮೊದಲ ದಿನ ‘ಎ’ಯನ್ನು ಸೊನ್ನೆ ಮಾಡಿ, ಆಮೇಲೆ ಮುಟ್ಟಬೇಡಿ. ಕಚ್ಚಾ ಹಾದಿಗೆ ಇಳಿಯುವಾಗಲೆಲ್ಲ ‘ಬಿ’ಯನ್ನು ಸೊನ್ನೆ ಮಾಡಿ, ಮರಳಿ ಡಾಂಬರು ಹತ್ತಿದಾಗ ಅದರ ಅಂಕಿಯನ್ನು ಮೊಬೈಲಿನಲ್ಲಿ ಬರೆದಿಡಿ. ತಿಂಗಳ ಕೊನೆಗೆ ‘ಬಿ’ಯ ಮೊತ್ತ ‘ಎ’ಯ ಐದನೇ ಒಂದು ಭಾಗವನ್ನೂ ಮುಟ್ಟದಿದ್ದರೆ ಚರ್ಚೆಯೇ ಬೇಡ, ನಿಮ್ಮದು ರಸ್ತೆ ಬೈಕ್. ಮೂರನೇ ಒಂದು ಭಾಗ ದಾಟಿದರೆ ಮಾತ್ರ ಕಚ್ಚಾ ಹಾದಿಯ ಕಡೆ ವಾಲಿಸಿ. ತೋಟದ ಮನೆಯಲ್ಲೇ ಇರುವವರು, ಗಾಳಿಯಂತ್ರಗಳ ಕೆಲಸಕ್ಕೆ ದಿನಾ ಗುಡ್ಡ ಹತ್ತುವವರು ಈ ಸಾಲಿಗೆ ಬರುತ್ತಾರೆ. ತಗ್ಗು ಬಿದ್ದ ಡಾಂಬರನ್ನು ಕಚ್ಚಾ ಎಂದು ಎಣಿಸಬೇಡಿ. ಅಲ್ಲಿ ಬೇಕಾದದ್ದು ಒಳ್ಳೆಯ ಸಸ್ಪೆನ್ಷನ್, ಗುಬ್ಬಿ ಟೈರ್ (ಮೈಮೇಲೆ ದೊಡ್ಡ ರಬ್ಬರ್ ಗುಬುಟುಗಳಿರುವ ಟೈರ್) ಅಲ್ಲ.

ಎರಿ ಮಣ್ಣು ಮಾಡುವ ಕಿತಾಪತಿ

ನವಲಗುಂದ, ನರಗುಂದ, ಅಣ್ಣಿಗೇರಿ, ರೋಣದ ಕಡೆಯ ಎರಿ ಭೂಮಿಯಲ್ಲಿ ಮಾಂಟ್‌ಮೊರಿಲೊನೈಟ್ ಗುಂಪಿನ ಜೇಡಿ ಖನಿಜ ಹೆಚ್ಚು. ಅದು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ನೆನೆದ ಎರಿಯಲ್ಲಿ ಟೈರಿನ ಗುಬ್ಬಿಗಳ ನಡುವಿನ ಸಂದು ಮೊದಲ ಕೆಲವು ಸುತ್ತಿಗೇ ತುಂಬಿಬಿಡುತ್ತದೆ. ಅಲ್ಲಿಂದ ಮುಂದೆ ಗುಬ್ಬಿ ಟೈರಿಗೂ ಬೋಳು ಟೈರಿಗೂ ವ್ಯತ್ಯಾಸವಿಲ್ಲ. ಟೈರಿಗೆ ಅಂಟಿದ ಮಣ್ಣು ಪದರ ಪದರವಾಗಿ ಏರಿ, ಮಡ್‌ಗಾರ್ಡಿನ ಒಳಗೆ ಸಿಕ್ಕಿ, ಗಾಲಿಯನ್ನು ಹಿಡಿದು ನಿಲ್ಲಿಸುತ್ತದೆ. ಮುಂದಿನ ಗಾಲಿ ಹೀಗೆ ನಿಂತರೆ ಬೈಕ್ ಮಗುಚುತ್ತದೆ. ಹಿಂದಿನದು ನಿಂತಾಗ ಆಕ್ಸಲರೇಟರ್ ತಿರುವುತ್ತ ಹೋದರೆ ಕ್ಲಚ್ ಪ್ಲೇಟ್ ಸುಡುತ್ತದೆ. ಸುಟ್ಟ ವಾಸನೆ ಮೂಗಿಗೆ ಬರುವ ಹೊತ್ತಿಗೆ ಪ್ಲೇಟಿನ ಆಯುಷ್ಯ ಸಾಕಷ್ಟು ಕಳೆದಿರುತ್ತದೆ.

ಹೀಗೆ ಸಿಕ್ಕಿಬಿದ್ದರೆ ಎಂಜಿನ್ ಬಂದ್ ಮಾಡಿ, ಕೀಲಿ ತೆಗೆದು, ಕೋಲಿನಿಂದ ಮಣ್ಣು ಕೆರೆಯಿರಿ. ಚೈನಿನ ಹತ್ತಿರ ಬೆರಳು ಹಾಕಬೇಡಿ. ಬಂದ ಹಾದಿಯಲ್ಲೇ ಹಿಂದಕ್ಕೆ ತಳ್ಳಿಕೊಂಡು ಬರುವುದು ಮೇಲು. ಮುಂದೆ ಹಾದಿ ಗಟ್ಟಿ ಇದ್ದೀತು ಎಂಬ ಆಸೆಯೇ ಬಹಳ ಜನರನ್ನು ಕೆಡಿಸಿದೆ.

ಬೇಸಿಗೆಯಲ್ಲಿ ಇದೇ ಮಣ್ಣಿನ ತೊಂದರೆ ಬೇರೆ. ಚಕ್ಕಡಿ, ಟ್ರ್ಯಾಕ್ಟರ್ ಗಾಲಿಯ ಜಾಡು ಕಲ್ಲಿನಂತೆ ಗಟ್ಟಿಯಾಗುತ್ತದೆ. ಜಾಡಿನೊಳಗೆ ಇಳಿದ ಮೇಲೆ ಅಲ್ಲೇ ಹೋಗಿ, ಕಣ್ಣು ದೂರಕ್ಕಿರಲಿ. ಓರೆಯಾಗಿ ಹತ್ತಲು ನೋಡಿದರೆ ಮುಂದಿನ ಗಾಲಿ ಜಾರುತ್ತದೆ. ಬಿರುಕುಗಳನ್ನು ಅಡ್ಡಲಾಗಿ ದಾಟಿ, ಅವುಗಳ ಉದ್ದಕ್ಕೆ ಗಾಲಿ ಬಿಡಬೇಡಿ. ಡಾಂಬರಿನ ಮೇಲಿದ್ದರೂ ಎರಿಯ ಕಾಟ ತಪ್ಪದು. ಅಡಿಯ ಮಣ್ಣು ಉಬ್ಬಿ ಕುಗ್ಗುವುದರಿಂದ ಈ ಭಾಗದ ರಸ್ತೆಗಳು ಅಲೆಯಲೆಯಾಗಿ ಏಳುತ್ತವೆ, ಅಂಚು ಮುರಿಯುತ್ತದೆ. ಮಳೆಗಾಲದಲ್ಲಿ ರಸ್ತೆ ಪಕ್ಕ ನಿಲ್ಲಿಸಿದರೆ ಸೈಡ್ ಸ್ಟ್ಯಾಂಡ್ ಹುಗಿದು ಬೈಕ್ ಬೀಳುತ್ತದೆ. ಅಂಗೈಯಗಲದ ಕಬ್ಬಿಣದ ಪಟ್ಟಿಯೊಂದು ಬ್ಯಾಗಿನಲ್ಲಿರಲಿ.

ಗಾಲಿ ಮತ್ತು ಟೈರ್

ಒಂದೇ ಎಂಜಿನ್ನಿಗೆ ಎರಡು ವಾಲಿಕೆ ಕೊಟ್ಟರೆ ಏನು ಬದಲಾಗುತ್ತದೆ ಎಂದು ತಿಳಿಯಲು ರಾಯಲ್ ಎನ್‌ಫೀಲ್ಡಿನ ಹಳೆಯ ಹಿಮಾಲಯನ್ 411 ಮತ್ತು 2022ರಲ್ಲಿ ಬಂದ ಸ್ಕ್ರ್ಯಾಮ್ 411ನ್ನು ಅಕ್ಕಪಕ್ಕ ಇಟ್ಟು ನೋಡಿ. ಹಿಮಾಲಯನ್‌ನ ಮುಂದಿನ ಗಾಲಿ 21 ಇಂಚು, ಮುಂದಿನ ಸಸ್ಪೆನ್ಷನ್ ಓಟ (ಅದು ಮೇಲೆ ಕೆಳಗೆ ಆಡುವ ದೂರ) 200 ಮಿ.ಮೀ., ನೆಲದಿಂದ ಎತ್ತರ 220 ಮಿ.ಮೀ. ಸ್ಕ್ರ್ಯಾಮಿನದು 19 ಇಂಚು, 190 ಮತ್ತು 200. ಕಾಗದದಲ್ಲಿ ಸಣ್ಣ ವ್ಯತ್ಯಾಸ, ಹ್ಯಾಂಡಲ್ ಹಿಡಿದವನಿಗೆ ದೊಡ್ಡದು. 21 ಇಂಚಿನ ಗಾಲಿ ತಗ್ಗಿನ ಅಂಚನ್ನು ಸಲೀಸಾಗಿ ಏರುತ್ತದೆ, ಕಲ್ಲಿಗೆ ಬಡಿದಾಗ ಹ್ಯಾಂಡಲ್ ಕಿತ್ತುಕೊಳ್ಳುವುದಿಲ್ಲ. ಆದರೆ ತಿರುವಿನಲ್ಲಿ ನಿಧಾನ. ಟೈರ್ ಕೂಡ ಕಿರಿದು, ಸಾಮಾನ್ಯವಾಗಿ 90/90-21. ಯಲ್ಲಾಪುರ ದಾಟಿ ಅರೆಬೈಲ್ ಘಾಟಿನ ಒದ್ದೆ ತಿರುವುಗಳಲ್ಲಿ 100/90-19 ಹಾಕಿದ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್‌ನಂಥ ಬೈಕ್ ಕೊಡುವ ಧೈರ್ಯವೇ ಬೇರೆ. ಇನ್ನೂ ಬೈಕ್ ಕೊಳ್ಳದವರಿಗೆ ನಮ್ಮ ಸಲಹೆ 19 ಇಂಚು. 21 ಇಂಚಿನದು ಈಗಾಗಲೇ ಮನೆಯಲ್ಲಿದ್ದರೆ ಗಾಲಿ ಬದಲಿಸಲು ಹೋಗಬೇಡಿ, ಟೈರಿನಲ್ಲೇ ಸರಿಪಡಿಸಿಕೊಳ್ಳಿ.

ಟೈರಿಗೆ ಹೇಳುವ 70:30, 50:50 ಎಂಬ ಅನುಪಾತಗಳು (ಡಾಂಬರಿಗೆ ಎಷ್ಟು, ಕಚ್ಚಾಕ್ಕೆ ಎಷ್ಟು ಎಂಬುದು) ಕಂಪನಿಗಳ ಅಂದಾಜೇ ಹೊರತು ಅಳತೆಯಲ್ಲ. ಗುಬ್ಬಿಗಳ ನಡುವಿನ ಸಂದು ನೋಡಿ. ಸಂದಿಗೆ ಬೆರಳು ಸಲೀಸಾಗಿ ಇಳಿದರೆ ಅದು ಕಚ್ಚಾ ಹಾದಿಯ ಟೈರ್: ಹೆದ್ದಾರಿಯಲ್ಲಿ ಗುಬ್ಬಿಗಳು ಬಾಗಿ ಬೈಕ್ ತೇಲಿದಂತಾಗುತ್ತದೆ, ಒದ್ದೆ ಡಾಂಬರಿನಲ್ಲಿ ನಿಲ್ಲಲು ಹೆಚ್ಚು ದೂರ ಬೇಕು, ಹಿಂದಿನ ಟೈರಿನ ನಡು ಬೇಗ ಚಪ್ಪಟೆಯಾಗುತ್ತದೆ. ಈ ಮೂರು ಜಿಲ್ಲೆಗಳಿಗೆ ನಡುಭಾಗದಲ್ಲಿ ಗುಬ್ಬಿಗಳು ಒತ್ತಾಗಿದ್ದು, ಅಂಚಿನಲ್ಲಿ ಮಾತ್ರ ಸಂದು ಅಗಲವಿರುವ ಟೈರ್ ಸರಿ. ಎರಡೂ ಗಾಲಿಗೆ ಬೇರೆ ಬೇರೆ ಜಾತಿಯದು ಹಾಕಲೇಬೇಕಾದರೆ, ಹಿಡಿತ ಹೆಚ್ಚಿನದು ಮುಂದಕ್ಕಿರಲಿ. ಹಿಂದೆ ಜಾರಿದರೆ ಸಂಭಾಳಿಸಬಹುದು, ಮುಂದೆ ಜಾರಿದರೆ ಬಿದ್ದಂತೆಯೇ.

ಟ್ಯೂಬ್ ಇರುವ ಸ್ಪೋಕ್ ಗಾಲಿಯ ಪಂಕ್ಚರನ್ನು ಹಳ್ಳಿಯ ಅಂಗಡಿಯವನೂ ತೆಗೆಯುತ್ತಾನೆ, ಆದರೆ 21 ಇಂಚಿನ ಟ್ಯೂಬ್ ಅವನ ಹತ್ತಿರ ಇರುವುದು ಅಪರೂಪ. ಒಂದನ್ನು ನೀವೇ ಒಯ್ಯಿರಿ. ಆಪತ್ತಿಗೆ ಹಿಂದಿನ 17 ಅಥವಾ 18 ಇಂಚಿನ ಗಾಲಿಯೊಳಗೂ ಅದನ್ನೇ ತುರುಕಿ ಮೆಲ್ಲಗೆ ಊರು ಮುಟ್ಟಬಹುದು. ಟ್ಯೂಬ್‌ಲೆಸ್ ಅಲಾಯ್ ಗಾಲಿಯಾದರೆ ಮೊಳೆ ಹೊಕ್ಕಾಗ ಸುಲಭ, ಅಂಚು ಮುರಿದ ತಗ್ಗಿಗೆ ವೇಗದಲ್ಲಿ ಬಿದ್ದಾಗ ದುಬಾರಿ. ಅಲಾಯ್ ರಿಮ್ ಸೀಳಿದರೆ ರಸ್ತೆ ಬದಿಯಲ್ಲಿ ಮಾಡುವಂಥದ್ದೇನೂ ಇಲ್ಲ.

ಗಾಳಿ: ಖರ್ಚಿಲ್ಲದ ಬದಲಾವಣೆ

ಬೈಕನ್ನು ರಸ್ತೆಯಿಂದ ಕಚ್ಚಾ ಹಾದಿಗೆ, ಕಚ್ಚಾದಿಂದ ರಸ್ತೆಗೆ ಹತ್ತು ನಿಮಿಷದಲ್ಲಿ ಬದಲಿಸುವ ದಾರಿ ಟೈರಿನ ಗಾಳಿ. ಬೈಕಿಗೆ ಅಂಟಿಸಿದ ಸ್ಟಿಕ್ಕರಿನ ಅಂಕಿಯನ್ನು ಟೈರ್ ತಣ್ಣಗಿರುವಾಗ ಅಳೆದು ತುಂಬಿ. ಅದು ಡಾಂಬರಿನದು. ಗರಸು, ಖಡಿ ಹಾದಿ ಹತ್ತು ಕಿಲೋಮೀಟರಿಗಿಂತ ಉದ್ದವಿದ್ದರೆ ಮುಂದೆ 4–5, ಹಿಂದೆ 5–6 ಪಿಎಸ್‌ಐ ಇಳಿಸಿ. ಸ್ಟಿಕ್ಕರಿನಲ್ಲಿ 29 ಮತ್ತು 33 ಎಂದಿದ್ದರೆ 24 ಮತ್ತು 27 ಸಾಕು. ಹೊಳೆ ದಂಡೆಯ ಉಸುಕಿಗೆ ಇನ್ನೂ ಇಳಿಸಬಹುದು, ಆದರೆ ರಿಮ್ ಲಾಕ್ (ಟೈರನ್ನು ರಿಮ್ಮಿಗೆ ಒತ್ತಿ ಹಿಡಿಯುವ ಬಿಗಿ) ಇಲ್ಲದ ಗಾಲಿಯಲ್ಲಿ 18ಕ್ಕಿಂತ ಕೆಳಗೆ ಬೇಡ. ಟೈರ್ ರಿಮ್ಮಿನ ಮೇಲೆ ಜಾರಿ ತಿರುಗುತ್ತದೆ, ಜೊತೆಗೆ ಟ್ಯೂಬ್ ಎಳೆದುಕೊಂಡು ಹೋಗಿ ವಾಲ್ವ್ ಬುಡದಲ್ಲೇ ಹರಿಯುತ್ತದೆ. ವಾಲ್ವಿನ ನಟ್ಟನ್ನು ರಿಮ್ಮಿಗೆ ಬಿಗಿಯದೆ ಮೇಲೆ ಕ್ಯಾಪಿನ ಹತ್ತಿರಕ್ಕೆ ತಿರುಗಿಸಿಡಿ. ಟ್ಯೂಬ್ ಸರಿಯುತ್ತಿದ್ದರೆ ವಾಲ್ವ್ ಓರೆಯಾಗಿ ಕಾಣುತ್ತದೆ.

ಗಾಳಿ ಇಳಿಸಿದ ಟೈರಿನಲ್ಲಿ 60 ಕಿ.ಮೀ. ವೇಗ ದಾಟಬೇಡಿ, ಚೂಪುಗಲ್ಲಿಗೆ ಜೋರಾಗಿ ಬಡಿಯಬೇಡಿ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ಸೀಳು ಕಂಡರೆ ಅದು ಮೊಳೆಯಲ್ಲ, ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕ ಗುರುತು. ಡಾಂಬರು ಹತ್ತಿದ ಕೂಡಲೇ ತುಂಬಲು ಬ್ಯಾಟರಿಗೆ ಜೋಡಿಸುವ 12 ವೋಲ್ಟಿನ ಸಣ್ಣ ಪಂಪ್ ಇರಲಿ. ಪಂಪ್ ಇಲ್ಲದವರು ಗಾಳಿ ಇಳಿಸಲೇಬೇಡಿ.

ಸಸ್ಪೆನ್ಷನ್

ಹೆಚ್ಚಿನವರು ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಪ್ರಮಾಣ) ಹೆಚ್ಚಿಸಿದರೆ ಸ್ಪ್ರಿಂಗ್ ಗಡುಸಾಗುತ್ತದೆ ಎಂದುಕೊಂಡಿದ್ದಾರೆ. ಸ್ಪ್ರಿಂಗ್ ಅದೇ ಇರುತ್ತದೆ; ಬದಲಾಗುವುದು ಬೈಕ್ ನಿಲ್ಲುವ ಎತ್ತರ. ಅದನ್ನು ಟೇಪ್ ಹಿಡಿದೇ ಹೊಂದಿಸಬೇಕು. ಹಿಂದಿನ ಗಾಲಿ ನೆಲ ಬಿಟ್ಟಿರುವಂತೆ ನಿಲ್ಲಿಸಿ, ಆಕ್ಸಲಿನ ನಡುವಿನಿಂದ ನೇರ ಮೇಲೆ ಸೀಟಿನ ಕೆಳಗಿನ ಒಂದು ಗುರುತಿಗೆ ಅಳೆಯಿರಿ. ಆಮೇಲೆ ಹೆಲ್ಮೆಟ್, ಜಾಕೆಟ್, ಬೂಟು ಸಮೇತ ನೀವು ಕೂತು, ಇಬ್ಬರು ಹಿಡಿದುಕೊಂಡಿರುವಾಗ ಮತ್ತೆ ಅಳೆಯಿಸಿ. ಮೊದಲನೆಯದು 580, ಎರಡನೆಯದು 518 ಬಂದರೆ ಬೈಕ್ 62 ಮಿ.ಮೀ. ಕುಸಿದಿದೆ. ಇದು ಒಟ್ಟು ಓಟದ ಶೇ 30ರ ಆಸುಪಾಸು ಇರಬೇಕು: 200 ಮಿ.ಮೀ. ಓಟಕ್ಕೆ 60, 170ಕ್ಕೆ 50. ಹೆಚ್ಚು ಕುಸಿದಿದ್ದರೆ ಸಿ-ಸ್ಪ್ಯಾನರಿನಿಂದ ಪ್ರಿಲೋಡ್ ಒಂದೊಂದೇ ಮೆಟ್ಟಿಲು ಏರಿಸಿ, ಮತ್ತೆ ಅಳೆಯಿರಿ. ಕೊನೆಯ ಮೆಟ್ಟಿಲಿನಲ್ಲೂ 70 ಮಿ.ಮೀ. ಕುಸಿಯುತ್ತಿದ್ದರೆ ಸ್ಪ್ರಿಂಗೇ ನಿಮ್ಮ ತೂಕಕ್ಕೆ ಸಾಲದು.

ಮನೆಯವರನ್ನು ಹಿಂದೆ ಕೂರಿಸಿಕೊಂಡು, ಬ್ಯಾಗು ಏರಿಸಿಕೊಂಡು ಹೊರಡುವ ದಿನ ಇದನ್ನೇ ಮತ್ತೊಮ್ಮೆ ಮಾಡಿ. ಹಿಂಭಾಗ ಕುಸಿದರೆ ಮುಂದಿನ ಗಾಲಿ ಹಗುರಾಗಿ, 90ರ ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ. ಹೆಡ್‌ಲೈಟೂ ಆಕಾಶ ನೋಡುತ್ತದೆ. ಕಾಲು ನೆಲಕ್ಕೆ ಎಟುಕದವರು ಬೈಕನ್ನು ತಗ್ಗಿಸುವ ಲೋವರಿಂಗ್ ಲಿಂಕ್ ಹಾಕಿಸುವ ಮೊದಲು ಸೀಟಿನ ಸ್ಪಂಜು ಇಳಿಸಿ ನೋಡಿ. ಲಿಂಕ್ ಬದಲಿಸಿದರೆ ನೆಲದ ಎತ್ತರವೂ ತಿರುಗುವ ಗುಣವೂ ಒಟ್ಟಿಗೇ ಕೆಡುತ್ತವೆ.

ಮಡ್‌ಗಾರ್ಡ್, ಸ್ಪ್ರಾಕೆಟ್, ಎಬಿಎಸ್

ಎತ್ತರದ ಮಡ್‌ಗಾರ್ಡ್ ಎರಿ ಮಣ್ಣಿಗೆ ಜಾಗ ಬಿಡುತ್ತದೆ, ಆದರೆ ಹೆದ್ದಾರಿಯಲ್ಲಿ ಗಾಳಿ ಹಿಡಿಯುತ್ತದೆ. ಕೆಳಗಿನದರಲ್ಲಿ ಅದೇ ತಿರುವುಮುರುವು. ಕೆಳಗಿನ ಮಡ್‌ಗಾರ್ಡ್ ಇರುವವರು ವಾಷರ್, ಸ್ಪೇಸರ್ ಹಾಕಿ 10 ಮಿ.ಮೀ. ಎತ್ತಿಸಿದರೆ ಸಾಕು, ಫೋರ್ಕ್ ಪೂರ್ತಿ ಒತ್ತಿದಾಗ ಎಲ್ಲೂ ತಾಗದಂತೆ ನೋಡಿಕೊಳ್ಳಿ.

ಮುಂದಿನ ಸ್ಪ್ರಾಕೆಟಿನಲ್ಲಿ (ಚೈನು ತಿರುಗಿಸುವ ಹಲ್ಲಿನ ಚಕ್ರದಲ್ಲಿ) ಒಂದು ಹಲ್ಲು ಕಡಿಮೆ ಮಾಡಿಸುವ ಹುಚ್ಚು ಬಹಳ ಜನಕ್ಕಿದೆ. 15ರಿಂದ 14ಕ್ಕೆ ಇಳಿದರೆ ಅದೇ ವೇಗಕ್ಕೆ ಎಂಜಿನ್ ಶೇ 7ರಷ್ಟು ಹೆಚ್ಚು ತಿರುಗಬೇಕು: 5000 ಸುತ್ತು ಇದ್ದಲ್ಲಿ ಸುಮಾರು 5350. ಗುಡ್ಡದಲ್ಲಿ ಹಿತ, ಹುಬ್ಬಳ್ಳಿಯಿಂದ ಹಾವೇರಿವರೆಗೆ ಕೈ ಜುಮ್ಮೆನ್ನುತ್ತದೆ. ಮೊದಲು ಹೇಳಿದ ಟ್ರಿಪ್ ಮೀಟರಿನ ಲೆಕ್ಕದಲ್ಲಿ ಮೂರನೇ ಒಂದು ಭಾಗ ದಾಟಿದವರಿಗೆ ಮಾತ್ರ ಇದು. ಹಲ್ಲು ಬದಲಿಸಿದಾಗ ಚೈನಿನ ಸಡಿಲವನ್ನು ಮತ್ತೆ ಹೊಂದಿಸಿ. ಉದ್ದ ಓಟದ ಸಸ್ಪೆನ್ಷನ್ ಇರುವ ಬೈಕಿನಲ್ಲಿ ಬಿಗಿ ಚೈನು ತಗ್ಗಿಗೆ ಬಿದ್ದಾಗ ಗೇರ್‌ಬಾಕ್ಸಿನ ಬೇರಿಂಗ್ ಎಳೆಯುತ್ತದೆ. ಮ್ಯಾನ್ಯುವಲಿನ ಅಳತೆಯಲ್ಲಿ ಸಡಿಲದ ತುದಿಗೇ ಇರಲಿ.

ಖಡಿ ಇಳಿಜಾರಿನಲ್ಲಿ ಹಿಂದಿನ ಗಾಲಿಯ ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ಮಾತ್ರ ಬಂದ್ ಮಾಡಿ, ಮುಂದಿನದು ಇರಲಿ. ಅನೇಕ ಬೈಕುಗಳಲ್ಲಿ ಕೀಲಿ ತಿರುವಿ ಮತ್ತೆ ಹಾಕಿದರೆ ಎಬಿಎಸ್ ತಾನೇ ಮರಳುತ್ತದೆ. ಚಹಾಕ್ಕೆ ನಿಂತು ಹೊರಟಾಗ ಡಿಸ್‌ಪ್ಲೇ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಗದಗ ಕಡೆಯ ಗಾಳಿ, ರಸ್ತೆ ಮೇಲಿನ ರಾಶಿ

ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಎನ್‌ಎಚ್ 67ರ ಬಯಲಿನಲ್ಲಿ, ಮುಂಡರಗಿ ರಸ್ತೆಯಲ್ಲಿ ಅಡ್ಡಗಾಳಿ ಬೈಕನ್ನು ಒಂದು ಪಕ್ಕಕ್ಕೆ ದಬ್ಬುತ್ತದೆ. ಎತ್ತರದ ಟಾಪ್ ಬಾಕ್ಸ್, ಅಗಲದ ಲೋಹದ ಪೆಟ್ಟಿಗೆ ಎರಡೂ ಅದಕ್ಕೆ ಪಟದಂತೆ ಸಿಗುತ್ತವೆ. ಭಾರದ ಸಾಮಾನು ಕೆಳಗೆ, ಹಿಂದಿನ ಆಕ್ಸಲಿಗಿಂತ ಮುಂದೆ ಬರುವಂತೆ ಬಟ್ಟೆಯ ಬ್ಯಾಗಿನಲ್ಲಿ ಕಟ್ಟಿ. ಕಚ್ಚಾ ಹಾದಿಯಲ್ಲಿ ಬಿದ್ದಾಗ ಲೋಹದ ಪೆಟ್ಟಿಗೆಯ ಕೆಳಗೆ ಕಾಲು ಸಿಕ್ಕರೆ ಮೂಳೆ ಉಳಿಯುವುದು ಕಷ್ಟ. ಅಂದಹಾಗೆ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಡಂಬಳ, ಡೋಣಿ ಕಡೆಯ ಸಾರ್ವಜನಿಕ ರಸ್ತೆ ಸಾಕಷ್ಟು ಚಂದವಿದೆ, ಗುಡ್ಡದೊಳಗಿನ ಕಾಲುಹಾದಿಗೆ ಬೈಕ್ ಇಳಿಸಬೇಡಿ.

ಸುಗ್ಗಿಯಲ್ಲಿ ಹಳ್ಳಿ ರಸ್ತೆಗಳ ಮೇಲೆ ಹುರುಳಿ, ಕಡಲೆ ಹರವಿರುತ್ತಾರೆ. ಹೊಟ್ಟಿನ ಮೇಲೆ ಬ್ರೇಕ್ ಹಾಕಿದರೆ ಯಾವ ಟೈರೂ ಹಿಡಿಯುವುದಿಲ್ಲ. ಮೊದಲೇ ವೇಗ ಇಳಿಸಿ, ನೆಟ್ಟಗೆ ದಾಟಿ. ದಾಟಿದ ಮೇಲೆ ನಿಲ್ಲಿಸಿ ಎಂಜಿನ್ ಕೆಳಗಿನ ಬ್ಯಾಷ್ ಪ್ಲೇಟಿನ (ಎಂಜಿನ್ ಕಾಯುವ ತಗಡಿನ) ಸಂದು ನೋಡಿ. ಬಿಸಿ ಸೈಲೆನ್ಸರ್ ಪೈಪಿಗೆ ಒಣ ಹೊಟ್ಟು ತಾಗಿದ್ದರೆ ಬೆಂಕಿ ಹೊತ್ತುತ್ತದೆ. ಈ ದಿನಗಳ ಧೂಳಿಗೆ ಏರ್ ಫಿಲ್ಟರ್ ಮ್ಯಾನ್ಯುವಲ್ ಹೇಳಿದ ಅರ್ಧ ದೂರಕ್ಕೇ ತೆಗೆದು ನೋಡಬೇಕು. ಕಾಗದದ ಫಿಲ್ಟರನ್ನು ತೊಳೆಯಬೇಡಿ, ಒಳಗಿನಿಂದ ಹೊರಕ್ಕೆ ಮೆಲ್ಲಗೆ ಗಾಳಿ ಹೊಡೆಯಿರಿ, ಕಪ್ಪಾಗಿದ್ದರೆ ಬದಲಿಸಿ.

ರಾಡಿಯಿಂದ ಬಂದ ಮೇಲೆ

ಎರಿ ಮಣ್ಣು ಒಣಗುವ ಮುನ್ನ ತೊಳೆಯಿರಿ. ರೇಡಿಯೇಟರಿಗೆ ವಾಷಿಂಗ್ ಸೆಂಟರಿನ ಜೋರು ನೀರು ಬೇಡ, ರೆಕ್ಕೆಗಳು ಮಡಚುತ್ತವೆ. ಪೈಪಿನ ಸಾದಾ ನೀರನ್ನು ಹಿಂಬದಿಯಿಂದ ಬಿಡಿ. ಫೋರ್ಕಿನ ಹೊಳೆಯುವ ಕೊಳವೆಗೆ ಅಂಟಿದ ಮಣ್ಣನ್ನು ಚಾಕುವಿನಿಂದ ಕೆರೆಯದೆ ಒದ್ದೆ ಬಟ್ಟೆಯಿಂದ ನೆನೆಸಿ ಒರೆಸಿ. ಒಣ ಮಣ್ಣಿನೊಂದಿಗೆ ಓಡಿಸಿದರೆ ಅದು ಸೀಲನ್ನು ಕೊರೆಯುತ್ತದೆ, ಎಣ್ಣೆ ಜಿನುಗಿ ಬ್ರೇಕ್ ಡಿಸ್ಕಿನ ಕಡೆ ಇಳಿಯುತ್ತದೆ. ಪ್ಯಾಡಿಗೆ ಎಣ್ಣೆ ಒಮ್ಮೆ ಇಂಗಿದ ಮೇಲೆ ಉಜ್ಜಿ ಒರೆಸಿ ಪ್ರಯೋಜನವಿಲ್ಲ. ಸೀಲಿನ ಜೊತೆಗೆ ಪ್ಯಾಡನ್ನೂ ಬದಲಿಸಿಬಿಡಿ.